ತೊರಾಇಚಿಯ ಎರಡನೆಯ ಸಾವು

ಹಿಸಾನೊಳ ಗಂಡ ಮೊದಲ ಸಲ ಸತ್ತದ್ದು ಯುದ್ಧದ ಕಾಲದಲ್ಲಿ. ಆಗ ಅವಳು ಅತ್ತಿದ್ದಳು. ಎರಡನೆಯ ಸಲ ಸತ್ತದ್ದು ಯುದ್ಧ ಮುಗಿದು ಒಂಬತ್ತು ವರ್ಷವಾದ ಮೇಲೆ, ಏಪ್ರಿಲ್ ತಿಂಗಳ ಒಂದು ಬೆಳಗ್ಗೆ, ಮೊಜಿ ಬಂದರಿನ ಹಿಂದಿನ ಗುಡ್ಡದ ಮೇಲೆ, ಜನರೆಲ್ಲ ಕಪ್ಪು ಬಟ್ಟೆ ಹಾಕಿಕೊಂಡು ಗಂಭೀರವಾಗಿ ನಿಂತಿದ್ದಾಗ. ಈ ಸಲ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಸತ್ತ ಗಂಡ ಅವಳ ಪಕ್ಕದಲ್ಲೇ ನಿಂತು ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.

ಹಮಾಯೊಶಿ ಹಡಗು ಕಂಪನಿಯವರು ಯುದ್ಧದಲ್ಲಿ ಮುಳುಗಿದ ತಮ್ಮ ನಾವಿಕರಿಗಾಗಿ ಸ್ಮಾರಕ ನಿಲ್ಲಿಸಿದ್ದರು. ಬಂದೂಕು ಹಿಡಿದು ಸತ್ತವರಿಗೆ ಗುಡಿಯಿತ್ತು, ಹಾಡಿತ್ತು. ಅಕ್ಕಿ, ಕಲ್ಲಿದ್ದಲು, ಸಿಪಾಯಿಗಳ ಬೂಟು ಹೊತ್ತುಕೊಂಡು ಹೋಗಿ ಮುಳುಗಿದವರನ್ನು ಕೇಳುವವರು ಯಾರೂ ಇರಲಿಲ್ಲ. ಅಂತೂ ಕಂಪನಿ ಮತ್ತೆ ತಲೆಯೆತ್ತಿ, ಒಂದೆರಡು ಹಡಗು ಕೊಂಡು, ಹಳೆಯ ಋಣ ನೆನಪಾಗಿ, ಆಳೆತ್ತರದ ಕರಿಕಲ್ಲಿನಲ್ಲಿ ಹಡಗಿನ ಹೆಸರು, ಅದರ ಕೆಳಗೆ ಜನರ ಹೆಸರು ಎಂದು ಸಾಲುಸಾಲಾಗಿ ಕೆತ್ತಿಸಿ ಬಿಳಿ ಬಣ್ಣ ತುಂಬಿಸಿತ್ತು. ಮುಚ್ಚಿದ್ದ ಬಟ್ಟೆ ಸರಿಸಿದ್ದೇ ತಡ, ಹೆಂಗಸರೆಲ್ಲ ಮರ್ಯಾದೆ ಮರೆತು ಕಲ್ಲಿನ ಹತ್ತಿರ ನುಗ್ಗಿದರು. ಬೆರಳಿನಿಂದ ಮುಟ್ಟಿ ಮುಟ್ಟಿ ತಮ್ಮವರನ್ನು ಹುಡುಕಿದರು. ಗಾಡಿಯಲ್ಲಿ ಮೀನು ಮಾರುವ ಯಾಎನೊ ತನ್ನ ಗಂಡನ ಹೆಸರನ್ನು ಕಂಡು, ಕೈಮುಗಿದು, ಕಣ್ಣೊರೆಸಿಕೊಂಡು, ಕೆಳಗಿನ ಸಾಲು ನೋಡಿದವಳು ಹಾಗೇ ಬಾಯಿ ಬಿಟ್ಟುಕೊಂಡು ನಿಂತಳು.

“ಏ ಹಿಸಾನೊ, ಬಾರೆ ಇಲ್ಲಿ. ನಿನ್ನ ಗಂಡ ಸತ್ತಿದಾನೆ ಕಣೆ.”

ಹಿಸಾನೊ ಹೋಗಿ ನೋಡಿದಳು. ‘ಹಮಾತೊಕಿ ಮಾರು’ ಎಂಬ ಹಡಗಿನ ಹೆಸರಿನ ಕೆಳಗೆ, ಅಡುಗೆಮನೆಯವರ ಸಾಲಿನಲ್ಲಿ, ಮೊದಲಿಗೇ ಇತ್ತು: ಇನಾಜುಮಿ ತೊರಾಇಚಿ, ಮುಖ್ಯ ಅಡುಗೆಯವನು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು.

ಮೊದಲನೆಯ ಸಾವಿನ ಕಥೆ ಇಷ್ಟೆ. ಹಡಗು ದಕ್ಷಿಣಕ್ಕೆ ಹೋಗುವಾಗ ತಾಕಾಓ ಬಂದರಿನಲ್ಲಿ ತೊರಾಇಚಿಗೆ ಹೊಟ್ಟೆಯ ಬಲಗಡೆ ಹಿಡಿದುಕೊಂಡಿತು. ಬೆಕ್ಕಿನ ಹಾಗೆ ಮುದುಡಿ ಬಿದ್ದಿದ್ದವನನ್ನು ಡೆಕ್ಕಿನ ಮೇಸ್ತ್ರಿ ಕಿಹೇಇ, ಅಂದರೆ ಯಾಎನೊಳ ಗಂಡ, ಬೆನ್ನ ಮೇಲೆ ಹೊತ್ತು ದಡಕ್ಕೆ ಇಳಿಸಿ ಆಸ್ಪತ್ರೆ ಸೇರಿಸಿದ. ಹಡಗು ಮರುದಿನ ಹೊರಟಿತು. ಮತ್ತೆ ಯಾವ ಬಂದರನ್ನೂ ಅದು ಮುಟ್ಟಲಿಲ್ಲ. ಮೊಜಿಗೆ ಬಂದ ಸುದ್ದಿಯಲ್ಲಿ ಒಬ್ಬರೂ ಉಳಿದಿಲ್ಲವೆಂದಿತ್ತು. ಕಂಪನಿಯವರು ಬಿಳಿ ಮರದ ಪೆಟ್ಟಿಗೆ ತಂದುಕೊಟ್ಟರು. ಅದರೊಳಗೆ ಮೂಳೆಯಿರಲಿಲ್ಲ, ಹೆಸರು ಬರೆದ ಒಂದು ಚೀಟಿ ಇತ್ತು. ಹಿಸಾನೊ ಗಂಡನ ಫೋಟೋವನ್ನು ಮನೆಯ ಪೂಜೆಯ ಗೂಡಿನಲ್ಲಿಟ್ಟು, ದಿನಾ ಒಂದು ಹಿಡಿ ಅನ್ನ ಎಡೆಯಿಟ್ಟು, ಕಲ್ಲಿದ್ದಲು ಹೊರುವ ಕೆಲಸಕ್ಕೆ ಹೋದಳು.

ಯುದ್ಧ ಮುಗಿದ ಮರುವರ್ಷ ಅವಳು ಬಾವಿಯಿಂದ ನೀರು ತಂದು ಒಳಗೆ ಕಾಲಿಡುವಾಗ ಪೂಜೆಯ ಗೂಡಿನ ಮುಂದೆ ಒಬ್ಬ ಬಡಕಲು ಮನುಷ್ಯ ಕೂತು ಎಡೆಯ ಅನ್ನವನ್ನು ಗಬಗಬ ತಿನ್ನುತ್ತಿದ್ದ. ಕಳ್ಳನೆಂದು ಅವಳು ಸೌಟಿನಿಂದ ಎರಡು ಬಾರಿಸಿದಳು. ಅವನು ತಿರುಗಿದ.

“ಹೊಡಿಬೇಡ್ವೆ, ನಾನು ಕಣೆ. ನನ್ನ ಅನ್ನಾನೇ ನಾನು ತಿಂತಿರೋದು.”

ಈ ಕಥೆಯನ್ನು ಬಂದರಿನ ಕೂಲಿಯವರು ವರ್ಷಗಟ್ಟಲೆ ಹೇಳಿ ನಕ್ಕಿದ್ದಾರೆ. ಗಂಡ ಹೆಂಡಿರು ಸೇರಿ ಹಡಗುಕಟ್ಟೆಯ ಬಳಿ ಊಟದಂಗಡಿ ಇಟ್ಟಾಗ ಹಲಗೆಯ ಮೇಲೆ ಬರೆಸಿದ ಹೆಸರನ್ನು ಯಾರೂ ಕರೆಯಲಿಲ್ಲ. ಎಲ್ಲರ ಬಾಯಲ್ಲೂ ಅದು ದೆವ್ವದಂಗಡಿ, ತೊರಾಇಚಿ ದೆವ್ವಪ್ಪ. ಸ್ಮಾರಕದ ಹೆಸರುಗಳನ್ನು ಕೆತ್ತಿದ ಕಲ್ಲುಕುಟಿಗ ಕಾಕುಜೊ ದಿನಾ ಮಧ್ಯಾಹ್ನ ಅಲ್ಲೇ ಸುಟ್ಟ ಬಂಗುಡೆ, ಅನ್ನ, ಮೂಲಂಗಿ ಉಪ್ಪಿನಕಾಯಿ ತಿಂದು ಹೋಗಿ, ಬಡಿಸಿದವನ ಹೆಸರನ್ನೇ ಸತ್ತವರ ಸಾಲಿನಲ್ಲಿ ಕೆತ್ತಿದ್ದ.

“ನಂಗೇನು ಗೊತ್ತಮ್ಮ, ದೆವ್ವಪ್ಪಂಗೂ ಒಂದು ಹೆಸರಿದೆ ಅಂತ?” ಎಂದು ಅವನು ಆಮೇಲೆ ಹಿಸಾನೊಳ ಮುಂದೆ ತಲೆ ಕೆರೆದುಕೊಂಡ. ಕಂಪನಿಯವರು ಯುದ್ಧಕಾಲದ ಸುಟ್ಟುಳಿದ ದಾಖಲೆ ನೋಡಿ ಬರೆದುಕೊಟ್ಟಿದ್ದರು. ತೊರಾಇಚಿ ಬದುಕಿ ಬಂದೆನೆಂದು ಹೇಳಲು ಹೋದಾಗ ಬಾಂಬಿಗೆ ಸುಟ್ಟ ಕಚೇರಿಯ ಜಾಗದಲ್ಲಿ ಯಾರೋ ಸಿಹಿಗೆಣಸು ಬೆಳೆದಿದ್ದರು. ಗೆಣಸಿಗೆ ವರದಿ ಒಪ್ಪಿಸಲಾಗದೆ ಅವನು ವಾಪಸು ಬಂದಿದ್ದ.

ಹೆಸರು ಕಂಡ ದಿನ ಹಿಸಾನೊ ಅಲ್ಲೇ ಕಂಪನಿಯವರ ಕಾಲರ್ ಹಿಡಿಯಲು ಹೊರಟಿದ್ದಳು. ತಡೆದವನು ಗಂಡ.

“ಬಿಡೆ. ಇರಲಿ.”

“ಏನ್ರೀ ಇರಲಿ? ಬದುಕಿರೋ ಮನುಷ್ಯನ್ನ ಸತ್ತವರ ಜೊತೆ ನಿಲ್ಸಿದಾರೆ, ಇರಲಿ ಅಂತೀರಲ್ಲ!”

“ನಮ್ಮ ಹಡಗಿನವರ ಜೊತೆ ನಿಲ್ಸಿದಾರೆ” ಎಂದ ತೊರಾಇಚಿ. ಮತ್ತೆ ಮೂಗು ಒರೆಸಿಕೊಂಡ.

ಅಂದಿನಿಂದ ಶುರುವಾಯಿತು. ಸಂಜೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿ, ಬಿಸಿ ಬಿಸಿ ಉದೊನ್ ಶ್ಯಾವಿಗೆಗೆ ಕೂಗು ಹಾಕುವ ಹೊತ್ತಿಗೇ ಸರಿಯಾಗಿ ತೊರಾಇಚಿ ಒಂದು ತಟ್ಟೆಯಲ್ಲಿ ಅಂದಿನ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದ. ಕತ್ತಲಾಗುವವರೆಗೆ ಬರುತ್ತಿರಲಿಲ್ಲ. ಬಂದ ಮೇಲೂ ಬಂದಂತಿರುತ್ತಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ. ಹಿಸಾನೊ ಒಬ್ಬಳೇ ಒಲೆಗೂ ಗಿರಾಕಿಗಳಿಗೂ ನಡುವೆ ಬುಗುರಿಯಂತೆ ತಿರುಗುತ್ತಿದ್ದಳು.

“ಬದುಕಿದ್ದೋರಿಗೆ ತಂಗಳು, ಸತ್ತೋರಿಗೆ ಬಿಸಿಯೂಟ” ಎಂದು ಅವಳು ಗೊಣಗುವುದು ಅಂಗಡಿಯವರಿಗೆಲ್ಲ ಕೇಳಿಸುತ್ತಿತ್ತು. ಕೂಲಿಯವರು ನಗುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ, ಹೆದರಿಕೆಯಾಗುತ್ತಿತ್ತು. ಒಂದು ಸಲ ಸತ್ತು ಬಂದವನು ಇವನು. ಆ ಕಲ್ಲು ಇವನನ್ನು ದಿನಕ್ಕಿಷ್ಟು ದಿನಕ್ಕಿಷ್ಟು ಎಳೆದುಕೊಳ್ಳುತ್ತಿದೆ, ಒಂದು ದಿನ ಪೂರ್ತಿ ಎಳೆದುಕೊಂಡರೆ ಸೌಟಿನ ಪೆಟ್ಟು ತಿನ್ನಲು ಮತ್ತೆ ಯಾರು ಬರುತ್ತಾರೆ ಎಂದು ಅವಳು ಗುಡ್ಡದ ಕಡೆ ನೋಡುತ್ತಿದ್ದಳು.

ಆದ್ದರಿಂದ ಸೆಪ್ಟೆಂಬರಿನಲ್ಲಿ ಕಂಪನಿಯ ಅಧಿಕಾರಿ ಮುನೆಕಾತಾ ಸ್ಪಂಜಿನಂಥ ಕಸ್ತೆರಾ ಕೇಕಿನ ಡಬ್ಬಿ ಹಿಡಿದುಕೊಂಡು ಅಂಗಡಿಗೆ ಬಂದಾಗ ಅವಳಿಗೆ ದೇವರೇ ಬಂದಷ್ಟು ಸಂತೋಷವಾಯಿತು. ಮುನೆಕಾತಾ ಸಣಕಲು ಮನುಷ್ಯ. ತಪ್ಪು ಯಾರದೇ ಆಗಲಿ, ಸೊಂಟ ಬಗ್ಗುವುದು ಅವನದು. ಬಾಗಿಲಲ್ಲೇ ಮೂರು ಸಲ ಬಗ್ಗಿದ.

“ದೊಡ್ಡ ತಪ್ಪಾಗಿದೆ, ಕ್ಷಮಿಸ್ಬೇಕು. ಯಜಮಾನ್ರು ಜೀವಂತವಾಗಿದಾರೆ ಅಂತ ಈಗಷ್ಟೇ ಗೊತ್ತಾಯ್ತು. ಶರತ್ಕಾಲದ ಹಿರಿಯರ ಪೂಜೆ ದಿನ ನಮ್ಮ ಅಧ್ಯಕ್ಷರೇ ಬರ್ತಿದಾರೆ. ಅಷ್ಟರೊಳಗೆ ಆ ಹೆಸರನ್ನ ಕೆತ್ತಿ ತೆಗೆಸಿಬಿಡ್ತೀವಿ. ಹಿಂದಿನ ದಿನ ಕಲ್ಲುಕುಟಿಗ ಬರ್ತಾನೆ.”

“ತೆಗೆಸಿ ಸ್ವಾಮಿ, ಪುಣ್ಯ ಬರುತ್ತೆ” ಎಂದಳು ಹಿಸಾನೊ. “ಹಿಂದಿನ ದಿನ ಯಾಕೆ, ಇವತ್ತೇ ತೆಗೆಸಿ.”

ತೊರಾಇಚಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದ. “ನೀವೇನಂತೀರಿ ಯಜಮಾನ್ರೇ?” ಎಂದು ಮುನೆಕಾತಾ ಕೇಳಿದ. “ಆಗಲಿ” ಎಂದ ತೊರಾಇಚಿ. ಅಷ್ಟೇ. ಜಗಳವಾಡಲಿಲ್ಲ, ಬೇಡವೆನ್ನಲಿಲ್ಲ. ಕೇಕನ್ನೂ ಮುಟ್ಟಲಿಲ್ಲ.

ಗೆದ್ದೆನೆಂದುಕೊಂಡಳು ಹಿಸಾನೊ. ಆದರೆ ಮರುದಿನವೇ ಅಂಗಡಿಯಲ್ಲಿ ಕೂಗೆದ್ದಿತು. ಸಾರಿಗೆ ಉಪ್ಪಿಲ್ಲ. ಅದರ ಮರುದಿನ ಬಂಗುಡೆ ಸೀದು ಕರಕಲಾಗಿತ್ತು. ನಾಲ್ಕು ವರ್ಷ ಅಲೆಯ ಮೇಲೆ ಓಲಾಡುವ ಹಡಗಿನಲ್ಲಿ ಒಂದು ದಿನವೂ ಅನ್ನ ಸೀಯಿಸದವನು ಈಗ ಗಟ್ಟಿ ನೆಲದ ಮೇಲೆ ನಿಂತು ಸೀಯಿಸುತ್ತಿದ್ದ. “ದೆವ್ವಪ್ಪ ಈಗ ನಿಜಕ್ಕೂ ಸತ್ನಾ ಹೆಂಗೆ?” ಎಂದು ಒಬ್ಬ ಕೂಲಿ ತಮಾಷೆಗೆ ಕೇಳಿದ. ಹಿಸಾನೊ ಅವನ ಮುಂದಿನ ಬಟ್ಟಲನ್ನೇ ಎತ್ತಿಕೊಂಡು ಒಳಗೆ ಹೋದಳು.

ಯಾಎನೊ ಮೀನು ಹಾಕಲು ಬಂದವಳು ಗಾಡಿಯನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟಳು. ಅವಳ ಗಂಟಲು ಬಂದರಿಗೇ ಹೆಸರುವಾಸಿ. ಜಲಸಂಧಿಯ ಆಚೆ ದಡದ ಶಿಮೊನೊಸೆಕಿಯವರೂ ಅವಳ ಕೂಗು ಕೇಳಿಯೇ ತಟ್ಟೆ ತೊಳೆಯುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು.

“ಹೆಸರು ಕೆತ್ತಿ ತೆಗೀತಾರಂತೆ. ನೀನು ಹೂಂ ಅಂದ್ಯಂತೆ.”

“ಅಂದೆ. ನನ್ನ ಗಂಡ, ನನ್ನಿಷ್ಟ.”

“ನಿನ್ನ ಗಂಡ ಸರಿ. ಅವನ ಮೇಲೆ ಕೆಳಗೆ ಇರೋರು ಯಾರ ಗಂಡಂದ್ರೇ? ನಮ್ಮೋರ ಹೆಸರುಗಳ ಮಧ್ಯ ಹಲ್ಲು ಕಿತ್ತಂಗೆ ಒಂದು ಗುಂಡಿ ಬೀಳುತ್ತೆ. ವರ್ಷ ವರ್ಷ ನಾವು ಆ ಗುಂಡಿ ನೋಡ್ಕೊಂಡು ಕೈಮುಗೀಬೇಕಾ?”

“ನಿಂಗೇನೆ, ಹೇಳ್ತೀಯ. ನಿನ್ನ ಗಂಡ ಬರಲ್ಲ ಅಂತ ನಿಂಗೆ ಗೊತ್ತು. ನನ್ನ ಗಂಡ ಬಂದೂ ಬಂದಿಲ್ಲ. ನಂಗೆ ಹೆಂಗಿರ್ಬೇಡ?”

ಬಾಯಿಂದ ಹೊರಬಿದ್ದ ಮೇಲೆ ಹಿಸಾನೊ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು. ಯಾಎನೊ ಎರಡು ಬಂಗುಡೆ ಹೆಚ್ಚಿಗೆ ತಕ್ಕಡಿಗೆ ಹಾಕಿ, ಗಾಡಿ ತಿರುಗಿಸಿಕೊಂಡು ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಸಂಜೆ ಹಿಸಾನೊ ಅಂಗಡಿಯ ಬಾಗಿಲು ಹಾಕಿ ಗಂಡನ ಹಿಂದೆಯೇ ಗುಡ್ಡ ಹತ್ತಿದಳು. ಇನ್ನೂ ಬೆಳಕಿತ್ತು. ಕೆಳಗೆ ಜಲಸಂಧಿಯ ನೀರು ಸೆಳೆತ ತಿರುಗುವ ಹೊತ್ತಾಗಿ ಕೊತಕೊತ ಕುದಿಯುತ್ತಿತ್ತು. ತೊರಾಇಚಿ ಕಲ್ಲಿನ ಬುಡದಲ್ಲಿ ಕೂತು, ತಟ್ಟೆ ಮುಂದಿಟ್ಟುಕೊಂಡು, ಒಬ್ಬೊಬ್ಬರನ್ನೇ ಮಾತಾಡಿಸುತ್ತಿದ್ದ. ಅವನು ಮನೆಯಲ್ಲಿ ಇಷ್ಟು ಮಾತಾಡಿ ಯಾವ ಕಾಲವಾಯಿತೋ. ಅವಳು ಪೈನ್ ಮರದ ಹಿಂದೆ ನಿಂತಳು.

“ಬದನೆಕಾಯಿ ಚೆನ್ನಾಗಿಲ್ಲ ಇವತ್ತು, ಬೈಬೇಡಿ” ಎನ್ನುತ್ತಿದ್ದ. ಆಮೇಲೆ ತನ್ನ ಕೈಕೆಳಗಿದ್ದ ಅಡುಗೆಯ ಹುಡುಗನ ಹೆಸರಿನತ್ತ ತಿರುಗಿದ. “ಏ ಹುಡುಗ, ನಿನ್ನ ಪಾಲಿನ ಮೊಟ್ಟೆ ತಿಂದ್ಯೇನೋ? ಇನ್ನೊಂದು ವಾರ ಅಷ್ಟೇ, ಆಮೇಲೆ ನನ್ನ ಹೆಸರು ಇಲ್ಲಿರಲ್ಲ.” ಕೈ ಚಾಚಿ ಮೇಲಿನ ಸಾಲಿನಲ್ಲಿದ್ದ ಮೇಸ್ತ್ರಿಯ ಹೆಸರನ್ನು ಮುಟ್ಟಿದ. “ಕಿಹೇಇ ಅಣ್ಣ, ನನ್ನನ್ನ ಮತ್ತೆ ದಡಕ್ಕೆ ಇಳಿಸ್ತಿದಾರೆ ಕಣಣ್ಣ.”

ಇಷ್ಟು ದಿನ ಕಲ್ಲು ಇವನನ್ನು ಎಳೆಯುತ್ತಿದೆ ಎಂದುಕೊಂಡಿದ್ದಳು ಹಿಸಾನೊ. ಹೊಟ್ಟೆ ಹಿಡಿದುಕೊಂಡು ದಡದಲ್ಲಿ ಬಿದ್ದು, ಹೊರಟುಹೋಗುವ ಹಡಗನ್ನು ನೋಡುತ್ತಿದ್ದವನು ಇವನು ಎಂಬುದು ಅವಳಿಗೆ ಹೊಳೆದಿರಲಿಲ್ಲ. ಹೆಸರನ್ನು ಕಿತ್ತರೆ ಮತ್ತೆ ಅದೇ ದಡ. ಮತ್ತೆ ಹಡಗು ಹೊರಡುವುದನ್ನು ನೋಡುತ್ತ ನಿಲ್ಲಬೇಕು. ಕಿತ್ತರೂ ಇವನು ಮನೆಗೆ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದಾರಿ ಯಾವುದಪ್ಪಾ ಎಂದು ಅವಳು ಸದ್ದು ಮಾಡದೆ ಇಳಿದು ಬಂದಳು.

ಮರುದಿನ ಕಲ್ಲುಕುಟಿಗ ಕಾಕುಜೊನ ಅಂಗಳಕ್ಕೆ ಹೋದಳು. ಏನು ಕೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಕೆತ್ತುವುದನ್ನು ನಾಲ್ಕು ದಿನ ತಡಮಾಡು ಎಂದೋ, ನಿನ್ನ ಉಳಿ ಕಳೆದುಹೋಗಿದೆಯೆಂದು ಸುಳ್ಳು ಹೇಳು ಎಂದೋ. ಅಲ್ಲಿ ನೋಡಿದರೆ ಎಂಬತ್ತು ದಾಟಿದ ಒಬ್ಬ ಮುದುಕಿ ಒಂದು ಸಣ್ಣ ಸಮಾಧಿಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಕುಜೊನ ಮೇಲೆ ಹರಿಹಾಯುತ್ತಿದ್ದಳು.

“ಕೆಂಪು ಬಣ್ಣ ಸಾಲ್ದು. ಇನ್ನೂ ಹಾಕೋ. ಮಾಸಿದ್ರೆ ನಮ್ಮೆಜಮಾನ್ರು ನಾನು ಹೊರಟೆ ಅಂದ್ಕೊಂಡು ಅಲ್ಲಿ ಹಾಸಿಗೆ ಹಾಸಿಬಿಡ್ತಾರೆ. ನಂಗೇನು ಅವಸರ?”

ಇದೇನು ಹಿಸಾನೊಗೆ ಗೊತ್ತಿಲ್ಲದ ವಿಷಯವಲ್ಲ. ಗಂಡ ಸತ್ತಾಗ ಕಲ್ಲಿನಲ್ಲಿ ಹೆಂಡತಿಯ ಹೆಸರನ್ನೂ ಜೊತೆಗೇ ಕೆತ್ತಿಸಿ, ಅವಳದ್ದಕ್ಕೆ ಮಾತ್ರ ಕೆಂಪು ತುಂಬಿಸುವುದು ಹಳೆಯ ರೂಢಿ. ಇವಳು ಇನ್ನೂ ಬದುಕಿದ್ದಾಳೆ, ಜಾಗ ಹಿಡಿದಿಟ್ಟಿದೆ, ನಿಧಾನವಾಗಿ ಬರುತ್ತಾಳೆ ಎಂದು ಅದರರ್ಥ. ಹೋದ ದಿನ ಕೆಂಪು ಒರೆಸುತ್ತಾರೆ. ಅದಕ್ಕೇ ವಿಧವೆಯನ್ನು ‘ಕೆಂಪಕ್ಷರದವಳು’ ಎಂದು ಕೀಟಲೆ ಮಾಡುವುದೂ ಉಂಟು. ಊರಿನ ಪ್ರತಿ ಮಗುವಿಗೂ ತಿಳಿದಿರುವ ಮಾತು. ಆದರೆ ಸಮಾಧಿಯೆಂದರೆ ಮನೆಯದು, ಸ್ಮಾರಕವೆಂದರೆ ಕಂಪನಿಯದು. ಒಂದರ ರೂಢಿ ಇನ್ನೊಂದಕ್ಕೆ ಹೊಂದುತ್ತದೆಂದು ಯಾರ ತಲೆಗೂ ಹೋಗಿರಲಿಲ್ಲ. ಹಿಸಾನೊ ನಿಂತಲ್ಲೇ ಜೋರಾಗಿ ನಕ್ಕುಬಿಟ್ಟಳು. ಮುದುಕಿ ತನ್ನನ್ನೇ ನೋಡಿ ನಕ್ಕಳೆಂದು ಮುನಿಸಿಕೊಂಡಳು.

“ಕಾಕುಜೊ ಅಣ್ಣ, ಆ ಬಣ್ಣ ಇನ್ನೂ ಉಳಿದಿದ್ಯಾ?”

“ಯಾರಿಗಮ್ಮ?”

“ದೆವ್ವಪ್ಪಂಗೆ.”

ಕಾಕುಜೊ ಅವಳ ಮುಖ ನೋಡಿದ. ಸ್ವಲ್ಪ ಹೊತ್ತಿಗೆ ಅವನ ಮುಖವೂ ಅರಳಿತು. “ಇದ್ಯಮ್ಮ. ಆದ್ರೆ ಕಂಪನಿಯೋರು ಒಪ್ಬೇಕಲ್ಲ? ನಾನು ಕೂಲಿಯೋನು. ಕೆತ್ತು ಅಂದ್ರೆ ಕೆತ್ತಬೇಕು.”

“ನೀನು ಉಳೀನೂ ತಗೊಂಡು ಬಾ, ಬಣ್ಣಾನೂ ತಗೊಂಡು ಬಾ. ಮಿಕ್ಕಿದ್ದು ನಂಗೆ ಬಿಡು” ಎಂದಳು ಹಿಸಾನೊ. ಅಲ್ಲಿಂದ ನೇರ ಯಾಎನೊಳ ಮನೆಗೆ ಹೋದಳು. ಮೊದಲು ತಪ್ಪಾಯಿತೆಂದಳು. ಆಮೇಲೆ ವಿಷಯ ಹೇಳಿದಳು. ಯಾಎನೊ ಕ್ಷಮಿಸಿದೆನೆಂದು ಹೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದು, ಹಮಾತೊಕಿ ಮಾರುವಿನವರ ಒಂದೊಂದು ಮನೆಯ ಮುಂದೆಯೂ ನಿಂತು ಕೂಗುತ್ತ ಹೋದಳು.

ಪೂಜೆಯ ಹಿಂದಿನ ದಿನ ಮುನೆಕಾತಾ ಕಾಕುಜೊನನ್ನು ಕರೆದುಕೊಂಡು ಗುಡ್ಡದ ಮೇಲೆ ಬಂದಾಗ ಕಲ್ಲಿನ ಮುಂದೆ ಹೆಂಗಸರ ಕೋಟೆಯೇ ಇತ್ತು. ಕಂಕುಳಲ್ಲಿ ಮೊಮ್ಮಕ್ಕಳು, ಕೈಯಲ್ಲಿ ಸಿಹಿ ಹುರುಳಿಯ ಉಂಡೆಗಳ ಬುಟ್ಟಿ. ನಾಳಿನ ಹಬ್ಬವನ್ನು ಇಂದೇ ಶುರುಮಾಡಿದ ಹಾಗಿತ್ತು. ತೊರಾಇಚಿ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ತನ್ನ ಹೆಸರಿಗೆ ವಿದಾಯ ಹೇಳಲು ಬಂದವನಿಗೆ ಈ ಜಾತ್ರೆ ಯಾಕೆಂದು ತಿಳಿದಿರಲಿಲ್ಲ. ಹಿಸಾನೊ ವಿಷಯ ಹೇಳಿದಳು. ಮುನೆಕಾತಾ ಹಣೆ ಒರೆಸಿಕೊಂಡ.

“ಕೆಂಪು ಬಣ್ಣವಾ? ಕಂಪನಿ ಸ್ಮಾರಕಕ್ಕಾ? ಅಮ್ಮಾ, ಅದು ಮನೆ ಸಮಾಧಿಗೆ ಮಾಡೋದು. ಇದು ಸಮಾಧಿ ಅಲ್ಲ.”

“ಮತ್ತೆ ಯಾವ್ದು ಸ್ವಾಮಿ ಸಮಾಧಿ?” ಎಂದಳು ಯಾಎನೊ. ಆ ಗಂಟಲು ಇಷ್ಟು ಮೆತ್ತಗೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. “ನಮ್ಮ ಮನೆಗೆ ಬಂದ ಪೆಟ್ಟಿಗೇಲಿ ಚೀಟಿ ಇತ್ತು. ಮೂಳೆ ಇರ್ಲಿಲ್ಲ. ನಮ್ಮೋರ ಹೆಸರನ್ನ ಕೈಯಿಂದ ಮುಟ್ಟಕ್ಕೆ ಸಿಕ್ಕಿರೋದು ಇದೊಂದೇ ಕಲ್ಲು. ನಿಮಗೆ ಇದು ಏನಾದ್ರೂ ಇರಲಿ, ನಮಗೆ ಇದೇ ಮನೆ ಸಮಾಧಿ.”

ಒಂದು ಮಗು ಉಂಡೆಗೆ ಕೈಹಾಕಿ ಪೆಟ್ಟು ತಿಂದಿತು. ಮುನೆಕಾತಾ ಕಲ್ಲನ್ನು ನೋಡಿದ, ಹೆಂಗಸರನ್ನು ನೋಡಿದ, ಕೊನೆಗೆ ತೊರಾಇಚಿಯನ್ನು ನೋಡಿದ.

“ಅಧ್ಯಕ್ಷರು ಕೇಳಿದ್ರೆ ಏನು ಹೇಳ್ಲಿ?”

“ಹಾಜರಿ ಸರಿಯಾಗಿದೆ ಅಂತ ಹೇಳಿ” ಎಂದಳು ಹಿಸಾನೊ.

ಮುನೆಕಾತಾ ತನ್ನ ಕೋಟು ಬಿಚ್ಚಿ ಮಡಚಿಟ್ಟು, ಬಣ್ಣದ ಬಟ್ಟಲನ್ನು ಕೈಗೆ ತೆಗೆದುಕೊಂಡು ಅವಳಿಗಾಗಿ ಹಿಡಿದು ನಿಂತ. ಬದುಕಿನಲ್ಲಿ ಮೊದಲ ಸಲ ಯಾರಿಗೂ ಬಗ್ಗದೆ ಒಂದು ಕೆಲಸ ಮಾಡಿದವನ ಮುಖದಲ್ಲಿ ಎಂಥ ಕಳೆ ಬರುತ್ತದೋ ಅದು ಅವನ ಮುಖದಲ್ಲಿತ್ತು.

ಕಾಕುಜೊ ಬಿಳಿ ಬಣ್ಣ ಕೆರೆದು ತೆಗೆದ. ಕುಂಚವನ್ನು ಹಿಸಾನೊ ಕಿತ್ತುಕೊಂಡಳು. ಒಂದೊಂದು ಗೆರೆಗೂ ತುಂಬಿ ತುಂಬಿ ಬಳಿದಳು. “ಸಾಕಮ್ಮ, ಸೋರ್ತಿದೆ” ಎಂದು ಕಾಕುಜೊ ಬೇಡಿಕೊಂಡ. “ಸೋರಲಿ” ಎಂದಳು. ಬಳಿಯುತ್ತ ಬಳಿಯುತ್ತ ಕಲ್ಲಿನವರ ಜೊತೆ ಮಾತಿಗಿಳಿದಳು. ಆರು ತಿಂಗಳಿಂದ ಅವರ ಮೇಲೆ ಹಲ್ಲು ಕಡಿದಿದ್ದಳೇ ಹೊರತು ಒಂದು ದಿನವೂ ಮಾತಾಡಿಸಿರಲಿಲ್ಲ.

“ಕೇಳ್ರಪ್ಪ ಎಲ್ರೂ. ನಿಮ್ಮ ಅಡುಗೆಯೋರು ಬರ್ತಾರೆ. ಬರಲ್ಲ ಅಂತ ನಾನು ಹೇಳಲ್ಲ. ಜಾಗ ಹಿಡಿದಿಟ್ಟಿರಿ. ಆದ್ರೆ ತಡ ಆಗುತ್ತೆ. ತುಂಬಾ ತಡ ಆಗುತ್ತೆ. ಅಲ್ಲೀವರೆಗೂ ನೀವೇ ಏನಾದ್ರೂ ಬೇಯಿಸ್ಕೊಳ್ಳಿ. ಕಿಹೇಇ ಅಣ್ಣ, ನೀವು ಹೊತ್ತು ತಂದು ದಡಕ್ಕೆ ಇಳಿಸಿದ್ದು ನನಗೋಸ್ಕರ. ನಾನು ಇಷ್ಟು ವರ್ಷ ಅದಕ್ಕೊಂದು ಥ್ಯಾಂಕ್ಸೂ ಹೇಳ್ಲಿಲ್ಲ.”

ಇಷ್ಟು ಹೇಳಿ ಅವಳು ಕುಂಚವನ್ನು ಕಾಕುಜೊನ ಕೈಗೆ ತುರುಕಿ, ಸೆರಗಿಲ್ಲದ ಬಟ್ಟೆಯಾದ್ದರಿಂದ ತೋಳಿನಿಂದಲೇ ಮುಖ ಒರೆಸಿಕೊಂಡಳು. ಕೆನ್ನೆಗೆ ಕೆಂಪು ಮೆತ್ತಿತು. ಬಿಳಿಯ ಸಾಲುಗಳ ನಡುವೆ ಗಂಡನ ಹೆಸರು ಆಗತಾನೇ ಸುಣ್ಣ ಬಳಿದ ಗೋಡೆಯ ಮೇಲೆ ಹುಡುಗರು ಕುಂಕುಮದ ಕೈ ಒತ್ತಿದ ಹಾಗೆ ಎದ್ದು ಕಾಣುತ್ತಿತ್ತು.

ಯಾಎನೊ ಅದನ್ನು ತಲೆ ವಾಲಿಸಿ ನೋಡಿದಳು, ತೊರಾಇಚಿಯನ್ನು ನೋಡಿದಳು, ಮತ್ತೆ ಹೆಸರನ್ನು ನೋಡಿದಳು. ಅವಳ ಗಂಟಲು ಮರಳಿ ಬಂತು.

“ಅಯ್ಯಯ್ಯೋ, ನೋಡ್ರೇ! ಅಷ್ಟು ಗಂಡಸರು ಹೋದ್ರು, ಇವನೊಬ್ಬ ಕೆಂಪಕ್ಷರದಲ್ಲಿ ಉಳ್ಕೊಂಡ. ಹಂಗಾದ್ರೆ ನೀನೂ ವಿಧವೆ ಕಣಯ್ಯ! ಹಡಗಿನ ವಿಧವೆ!”

ಹೆಂಗಸರು ಬಿದ್ದು ಬಿದ್ದು ನಕ್ಕರು. ತೊರಾಇಚಿ ಮಾತ್ರ ನಗಲಿಲ್ಲ. ತಾನು ತುಂಬಾ ದಿನದಿಂದ ಹುಡುಕುತ್ತಿದ್ದ ವಸ್ತುವನ್ನು ಯಾರೋ ತಂದು ಕೈಯಲ್ಲಿಟ್ಟ ಹಾಗೆ ಯಾಎನೊಳನ್ನೇ ನೋಡುತ್ತ ನಿಂತ. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಹಿಸಾನೊ ಓಡಿ ಬಂದಳು. ಅವನು ಹೊಟ್ಟೆಯ ಬಲಗಡೆ ಹಿಡಿದುಕೊಂಡು ನಗುತ್ತಿದ್ದ.

ಮರುದಿನ ಪೂಜೆಯಲ್ಲಿ ಕುರ್ಚಿಗಳ ಎರಡು ಸಾಲು ಹಾಕಿದ್ದರು. ಒಂದು ಕಂಪನಿಯವರಿಗೆ, ಇನ್ನೊಂದು ಸತ್ತವರ ಮನೆಯವರಿಗೆ. ತೊರಾಇಚಿ ಎಂದಿನಂತೆ ಕಲ್ಲಿನ ಪಕ್ಕಕ್ಕೆ ಹೋಗಿ ನಿಲ್ಲಲು ಹೊರಟ. ಯಾಎನೊ ಅವನ ತೋಳು ಹಿಡಿದು ಎಳೆದು ವಿಧವೆಯರ ನಡುವೆ ಕುಕ್ಕಿದಳು. “ಇಲ್ಲಿ ಕೂತ್ಕೋ. ನಿನ್ನ ಜಾಗ ನಮ್ಮ ಕಡೆ.” ಅವನ ಆಚೆ ಪಕ್ಕದಲ್ಲಿ ಹಿಸಾನೊ ಕೂತಳು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಕೆಂಪು ಹೆಸರನ್ನು ಬಹಳ ಹೊತ್ತು ನೋಡಿದರು. ಏನೂ ಕೇಳಲಿಲ್ಲ, ಅದಕ್ಕೂ ಸೇರಿಸಿಯೇ ತಲೆಬಾಗಿದರು.

ಮುನೆಕಾತಾ ಹೆಸರುಗಳನ್ನು ಓದತೊಡಗಿದ. ಎಲ್ಲರೂ ತಲೆ ತಗ್ಗಿಸಿದ್ದರು. ಹಮಾತೊಕಿ ಮಾರು ಬಂತು. ಕ್ಯಾಪ್ಟನ್, ಎಂಜಿನಿನವರು, ಡೆಕ್ಕಿನವರು. ಅಡುಗೆಮನೆಯ ಸಾಲಿಗೆ ಬಂದಾಗ ಅವನು ಒಂದು ಗಳಿಗೆ ತಡವರಿಸಿದ. ಓದಬೇಕೋ ಬಿಡಬೇಕೋ ಯಾರೂ ಹೇಳಿಕೊಟ್ಟಿರಲಿಲ್ಲ. ಓದಿಯೇಬಿಟ್ಟ.

“ಇನಾಜುಮಿ ತೊರಾಇಚಿ.”

“ಇದ್ದೀನಿ!”

ಹಡಗಿನ ಹಾಜರಿಗೆ ಕೂಗುವ ದನಿ ಅದು, ಎಂಜಿನಿನ ಸದ್ದನ್ನು ಮೀರಿಸುವಂಥದ್ದು. ತೊರಾಇಚಿ ಎದ್ದು ನಿಂತಿದ್ದ. ಕಂಪನಿಯವರ ಸಾಲು ಬೆಚ್ಚಿಬಿದ್ದಿತು. ಹಿಸಾನೊ ಅವನ ಅಂಗಿಯ ಚುಂಗು ಹಿಡಿದು ಎಳೆಯಲು ಹೋದಳು, ಅವನು ಕೂರಲಿಲ್ಲ. ಮುನೆಕಾತಾ ಗಾಬರಿಯಲ್ಲಿ ಮುಂದಿನ ಹೆಸರನ್ನು ಓದಿದ. ಎರಡನೆಯ ಅಡುಗೆಯವನದು. ಆಮೇಲೆ ಸಾಲಿನ ಕೊನೆಯಿಂದ ಒಂದು ಸಣ್ಣ ದನಿ ಬಂತು.

“ನಾನಿದ್ದೀನಿ. ಅವರ ಹೆಂಡತಿ.”

ಮುಂದಿನ ಹೆಸರು ಅಡುಗೆಯ ಹುಡುಗನದು. “ಇದ್ದೀನಪ್ಪ, ಅವನ ಅಮ್ಮ” ಎಂದು ಒಬ್ಬ ಅಜ್ಜಿ ಕೋಲೂರಿ ಎದ್ದಳು. ಅದರ ಮುಂದಿನದಕ್ಕೆ ಮಗಳು, ಅದರ ಮುಂದಿನದಕ್ಕೆ ತಮ್ಮ. ಒಬ್ಬೊಬ್ಬರಾಗಿ ಎದ್ದರು, ಅಳುತ್ತಲೂ ನಗುತ್ತಲೂ ಎದ್ದರು. ಹಡಗಿನ ಕೊನೆಯ ಹೆಸರಿನ ಹೊತ್ತಿಗೆ, ಹೆಸರು ಮೊದಲೇ ಓದಿಹೋಗಿದ್ದವರ ಮನೆಯವರು ಹಾಗೇ ಕೂತಿದ್ದರು, ಅವರಲ್ಲಿ ಯಾಎನೊ ಒಬ್ಬಳು. ಅವಳು ಕೆಂಡದಂತಾಗಿದ್ದಳು.

“ಇದ್ಯಾವ ನ್ಯಾಯ ಸ್ವಾಮಿ? ನಮ್ಮೆಜಮಾನ್ರ ಹೆಸರು ಮೊದಲೇ ಓದಿಬಿಟ್ರಿ. ಆಗ ಯಾರೂ ಹೇಳಿರ್ಲಿಲ್ಲ ಉತ್ತರ ಕೊಡ್ಬೇಕು ಅಂತ. ಮತ್ತೆ ಓದಿ!”

ಮುನೆಕಾತಾ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸುತ್ತ ಹೂಂ ಎಂಬಂತೆ ತಲೆಯಾಡಿಸಿದರು. ಮುನೆಕಾತಾ ಹಾಳೆಯನ್ನು ಹಿಂದಕ್ಕೆ ಮಗುಚಿ, ಮೊದಲನೆಯ ಹಡಗಿನ ಕ್ಯಾಪ್ಟನ್‌ನಿಂದ ಹಿಡಿದು ಮತ್ತೆ ಶುರುಮಾಡಿದ. ಈ ಸಲ ಒಂದು ಹೆಸರೂ ಉತ್ತರವಿಲ್ಲದೆ ಹೋಗಲಿಲ್ಲ. ದಿಕ್ಕಿಲ್ಲದವರ ಹೆಸರು ಬಂದಾಗ ತೊರಾಇಚಿಯೇ ಕೂಗಿದ. ಕಿಹೇಇಯ ಹೆಸರಿಗೆ ಯಾಎನೊ ಕೊಟ್ಟ ಉತ್ತರ ಶಿಮೊನೊಸೆಕಿಗೆ ಖಂಡಿತ ಕೇಳಿಸಿರಬೇಕು.

ಪೂಜೆ ಮುಗಿದು ಉಂಡೆ ತಿನ್ನುತ್ತಿದ್ದಾಗ ತೊರಾಇಚಿ ಕೆಳಗಿನ ಹಡಗುಕಟ್ಟೆಯ ಕಡೆ ನೋಡಿ ಚಡಪಡಿಸಿದ. ಕಲ್ಲಿದ್ದಲಿನ ಹಡಗೊಂದನ್ನು ಕಟ್ಟೆಗೆ ಕಟ್ಟುತ್ತಿದ್ದರು. ಇನ್ನೊಂದು ಗಳಿಗೆಗೆ ಕೂಲಿಯವರೆಲ್ಲ ಹಸಿದು ಬರುತ್ತಾರೆ.

“ನಡಿಯೆ ಬೇಗ, ಒಲೆ ಹಚ್ಚಿಲ್ಲ.”

“ಸಂಜೆ ತಟ್ಟೆ ತಗೊಂಡು ಇಲ್ಲಿಗೆ ಬರ್ತೀರಲ್ಲ?” ಹಿಸಾನೊ ಕೇಳಿದಳು.

“ಇವತ್ತಾ? ಯಾಕೆ? ತಡ ಆಗುತ್ತೆ ಅಂತ ನಿನ್ನೆ ನೀನೇ ಹೇಳಿದ್ದೀಯಲ್ಲ ಅವರಿಗೆ.” ಹೇಳುತ್ತಲೇ ಅವನು ಎರಡೆರಡು ಮೆಟ್ಟಿಲು ಹಾರಿ ಇಳಿಯತೊಡಗಿದ. ಅವಳು ಉಂಡೆ ಬಾಯಲ್ಲಿ ಹಾಕಿಕೊಂಡು ಹಿಂದೆ ಓಡಿದಳು.